ಪತ್ರಿಕೆ ತಪ್ಪು ಬರೆದರೆ ಕೇಳುವವರು ಯಾರು?

ಮಾಧ್ಯಮದ ನೀತಿ, ನಿಯಮಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ಮಾತು ಹೇಳುತ್ತವೆ. ಒಂದು, ನಮ್ಮ ದೂರನ್ನು ಯಾರೂ ಕೇಳುವುದಿಲ್ಲ. ಇನ್ನೊಂದು, ಸರ್ಕಾರ ಯಾಕೆ ಸುಮ್ಮನಿದೆ. ನಾನು ಮೊದಲು ಸುದ್ದಿಮನೆಯ ಡೆಸ್ಕ್‌ನಲ್ಲಿದ್ದವನು, ಆಮೇಲೆ ಮಾಧ್ಯಮ ಕಾನೂನಿನ ಪಾಠ ಹೇಳಿದವನು. ಎರಡೂ ಕಡೆಯ ಅನುಭವ ಸೇರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಕಳ್ಳತನದ ಸುದ್ದಿಯೊಂದಕ್ಕೆ ಆರೋಪಿಯ ಫೋಟೊ ಬದಲು ಅದೇ ಹೆಸರಿನ ನನ್ನ ಮಗನ ಫೋಟೊ ಹಾಕಿದರು. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಸುದ್ದಿ. ಹತ್ತಾರು ಸಲ ಫೋನ್ ಮಾಡಿದ ಮೇಲೆ ಒಂಬತ್ತನೇ ದಿನ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ‘ವಿಷಾದ’ ಬಂತು. ಅದರಲ್ಲಿ ಮಗನ ಹೆಸರೂ ಇಲ್ಲ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ನಾವು ಎಲ್ಲಿಗೆ ಹೋಗಬೇಕು? — ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ

ಅಮ್ಮ, ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಅಂಥ ಎರಡು ಸಾಲಿನ ವಿಷಾದಗಳನ್ನು ನಾನೂ ಬರೆದಿದ್ದೇನೆ. ‘ಚಿಕ್ಕದಾಗಿ ಹಾಕಿ ಮುಗಿಸು’ ಎಂದು ಮೇಲಿನವರು ಹೇಳುತ್ತಿದ್ದರು, ನಾನು ಮುಗಿಸುತ್ತಿದ್ದೆ. ತಪ್ಪು ಮೂರು ಕಾಲಂ, ತಿದ್ದುಪಡಿ ಎರಡು ಸಾಲು ಎನ್ನುವುದು ನಮ್ಮ ವೃತ್ತಿಯ ಹಳೆಯ ಕೆಟ್ಟ ಚಾಳಿ. ಇದು ನಿಯಮಕ್ಕೂ ವಿರುದ್ಧ. ವಾಸ್ತವಾಂಶ ತಪ್ಪಿದ್ದು ಖಚಿತವಾದರೆ ಪತ್ರಿಕೆ ತಾನಾಗಿಯೇ, ತಡ ಮಾಡದೆ, ಎದ್ದು ಕಾಣುವ ಹಾಗೆ ತಿದ್ದುಪಡಿ ಹಾಕಬೇಕು, ಗಂಭೀರ ತಪ್ಪಾದರೆ ಕ್ಷಮೆಯನ್ನೂ ಕೇಳಬೇಕು ಎಂದು, ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳು ಹೇಳುತ್ತವೆ.

ನೀವು ಮಾಡಬೇಕಾದ್ದು ಇಷ್ಟು. ಫೋನ್ ಕರೆಗೆ ದಾಖಲೆ ಇರುವುದಿಲ್ಲ. ಆದ್ದರಿಂದ ಸಂಪಾದಕರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯಿರಿ. ಸುದ್ದಿ ಬಂದ ದಿನ, ಪುಟ, ಏನು ತಪ್ಪು, ಏನು ಸರಿ, ನಿಮಗೆ ಏನಾಗಬೇಕು ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಿ. ಅಂಚೆ ರಸೀದಿಯನ್ನೂ ಎರಡೂ ದಿನದ ಪತ್ರಿಕೆಯ ಮೂಲ ಪ್ರತಿಗಳನ್ನೂ ಜೋಪಾನವಾಗಿಡಿ. ಉತ್ತರ ಬರದಿದ್ದರೆ ಅಥವಾ ಬಂದದ್ದು ಸಮಾಧಾನ ತರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆ, ವಾರಪತ್ರಿಕೆಗಳ ವಿಷಯದಲ್ಲಿ ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು, ಇತರ ನಿಯತಕಾಲಿಕಗಳಿಗೆ ನಾಲ್ಕು ತಿಂಗಳು. ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. ಈ ವಿಷಯ ಯಾವ ನ್ಯಾಯಾಲಯದಲ್ಲೂ ಬಾಕಿ ಇಲ್ಲ ಎಂಬ ಘೋಷಣೆಯನ್ನು ಮಾತ್ರ ಲಗತ್ತಿಸಬೇಕು.

ಈ ಘೋಷಣೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಸಿಟ್ಟಿನಲ್ಲಿ ಮೊದಲು ಕೋರ್ಟಿಗೆ ಹೋದರೆ ಮಂಡಳಿಯ ಬಾಗಿಲು ಮುಚ್ಚುತ್ತದೆ, ಏಕೆಂದರೆ ನ್ಯಾಯಾಲಯದಲ್ಲಿರುವ ವಿಷಯವನ್ನು ಅದು ವಿಚಾರಿಸುವಂತಿಲ್ಲ. ಹಾಗೆಂದು ಮಂಡಳಿಯ ತೀರ್ಮಾನಕ್ಕೇ ಕಾಯುತ್ತ ಕೂತರೆ ಕೋರ್ಟಿನ ಅವಧಿ ಮೀರಿಬಿಡಬಹುದು. ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಸುದ್ದಿ ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು. ಹೀಗಾಗಿ ಈಗಲೇ ಮಂಡಳಿಗೆ ಬರೆಯಿರಿ, ಎಂಟು ಒಂಬತ್ತು ತಿಂಗಳಾಗುವ ಹೊತ್ತಿಗೆ ಒಬ್ಬ ವಕೀಲರನ್ನು ಕಂಡು ಮುಂದಿನದನ್ನು ನಿರ್ಧರಿಸಿ.

ಮಂಡಳಿ ಏನು ಮಾಡಬಲ್ಲದು? ಎರಡೂ ಕಡೆಯವರನ್ನು ಕರೆಸಿ ವಿಚಾರಿಸುತ್ತದೆ. ತಪ್ಪು ಕಂಡರೆ ಪತ್ರಿಕೆಗೆ, ಸಂಪಾದಕರಿಗೆ ಅಥವಾ ವರದಿಗಾರರಿಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ವಾಗ್ದಂಡನೆ ವಿಧಿಸಬಹುದು, ಆ ತೀರ್ಮಾನವನ್ನು ಪ್ರಕಟಿಸುವಂತೆ ಹೇಳಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ಪರಿಹಾರ ಕೊಡಿಸಲಾರದು. ಇಷ್ಟೇನಾ ಎಂದು ನಿಮಗೆ ಬೇಸರವಾಗಬಹುದು. ಆದರೆ ‘ಪತ್ರಿಕೆ ತಪ್ಪು ಮಾಡಿದೆ, ಈ ಹುಡುಗ ನಿರಪರಾಧಿ’ ಎಂದು ಒಂದು ಶಾಸನಬದ್ಧ ಸಂಸ್ಥೆ ಬರೆದುಕೊಟ್ಟ ಕಾಗದಕ್ಕೆ ಊರಿನಲ್ಲಿ, ನೆಂಟರ ನಡುವೆ ತೂಕವಿದೆ. ನಿಮ್ಮ ಮಗನಿಗೆ ಈಗ ಬೇಕಾಗಿರುವುದೂ ಅದೇ.

ಪ್ರಶ್ನೆ: ಮಂಡಳಿಗೆ ಹಲ್ಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಸರ್ಕಾರವೇ ಒಂದು ಪ್ರಾಧಿಕಾರ ರಚಿಸಿ, ಸುಳ್ಳು ಬರೆಯುವ ಪತ್ರಿಕೆಗಳ ಪರವಾನಗಿ ರದ್ದು ಮಾಡಬಾರದೇಕೆ? ವೈದ್ಯರಿಗೆ, ವಕೀಲರಿಗೆ ಇರುವ ಶಿಸ್ತು ಪತ್ರಕರ್ತರಿಗೆ ಬೇಡವೇ? — ನಿವೃತ್ತ ಸರ್ಕಾರಿ ಅಧಿಕಾರಿ, ದಾವಣಗೆರೆ

ಸ್ವಾಮಿ, ಪತ್ರಿಕೆಗೆ ಪರವಾನಗಿ ಎಂಬುದೇ ಇಲ್ಲ. ಇರುವುದು ನೋಂದಣಿ. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸದು ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರಲ್ಲೂ ನೋಂದಣಿಯೇ. ವೈದ್ಯರಂತೆ, ವಕೀಲರಂತೆ ಸನ್ನದು ಪಡೆದವರಷ್ಟೇ ಬರೆಯಬೇಕು ಎಂದು ನಮ್ಮ ಸಂವಿಧಾನ ಹೇಳುವುದಿಲ್ಲ. 19ನೇ ವಿಧಿಯ ಮಾತಿನ ಸ್ವಾತಂತ್ರ್ಯ ನಿಮಗೆಷ್ಟಿದೆಯೋ ಸಂಪಾದಕರಿಗೂ ಅಷ್ಟೇ ಇದೆ. ಆ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದೆಂದು ಅದೇ ವಿಧಿಯ ಎರಡನೇ ಖಂಡ ಪಟ್ಟಿ ಮಾಡಿದೆ: ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ ಇತ್ಯಾದಿ. ‘ಕೆಟ್ಟ ಪತ್ರಿಕೋದ್ಯಮ’ ಆ ಪಟ್ಟಿಯಲ್ಲಿಲ್ಲ. ಪತ್ರಿಕೆಯ ಬೆಲೆಗೆ ತಕ್ಕಂತೆ ಇಷ್ಟೇ ಪುಟ ಎಂದು ಸರ್ಕಾರ ನಿಗದಿ ಮಾಡಲು ಹೊರಟಾಗ 1961ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಮುದ್ರಣ ಕಾಗದದ ಹಂಚಿಕೆಯ ನೆಪದಲ್ಲಿ ಪುಟಗಳಿಗೆ ಮಿತಿ ಹಾಕಿದಾಗ 1972ರಲ್ಲಿ ಮತ್ತೆ ತಡೆಯಿತು. ಪುಟ ಎಣಿಸುವ ಅಧಿಕಾರವನ್ನೇ ಕೊಡದ ಕೋರ್ಟು ಪುಟದೊಳಗಿನ ಸುದ್ದಿಗೆ ಅಂಕ ಹಾಕುವ ಅಧಿಕಾರ ಕೊಟ್ಟೀತೆ?

ಕಾನೂನಿನ ಮಾತು ಹಾಗಿರಲಿ. ನನ್ನ ನಿಜವಾದ ಆತಂಕ ಅನುಭವದಿಂದ ಬಂದದ್ದು. ಪರವಾನಗಿ ಪದ್ಧತಿಯನ್ನು ನಮ್ಮ ನಾಡು ಒಮ್ಮೆ ಕಂಡಿದೆ. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ವೃತ್ತಪತ್ರಿಕಾ ನಿಬಂಧನೆ ತಂದು, ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕೆಂದಿತು. ಜನ ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಪ್ಪಣೆ ಪಡೆದು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ಅಂಥ ಹಿರಿಯರಿಗೆ ಅನ್ನಿಸಿತು. ನಿಬಂಧನೆ ಬಂದದ್ದು ಸುಳ್ಳು ಸುದ್ದಿ ತಡೆಯಲಲ್ಲ, ಆಡಳಿತದ ಮೇಲಿನ ಟೀಕೆ ತಡೆಯಲು.

ಪತ್ರಿಕಾ ಮಂಡಳಿಯ ಕಥೆಯೇ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಮೊದಲ ಪತ್ರಿಕಾ ಆಯೋಗದ ಶಿಫಾರಸಿನಂತೆ 1965ರಲ್ಲಿ ಕಾಯ್ದೆಯಾಗಿ, 1966ರಲ್ಲಿ ಮಂಡಳಿ ಹುಟ್ಟಿತು. ಅದು ಕೆಲಸ ಶುರು ಮಾಡಿದ ನವೆಂಬರ್ 16ನ್ನೇ ನಾವು ಇಂದು ರಾಷ್ಟ್ರೀಯ ಪತ್ರಿಕಾ ದಿನ ಎಂದು ಆಚರಿಸುತ್ತೇವೆ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಪತ್ರಿಕಾ ಮಂಡಳಿಯನ್ನೇ ರದ್ದು ಮಾಡಿತು. ‘ಆಕ್ಷೇಪಾರ್ಹ’ ಬರಹವನ್ನು ತಡೆಯುವ ಇನ್ನೊಂದು ಸುಗ್ರೀವಾಜ್ಞೆಯೂ ಅದೇ ತಿಂಗಳು ಬಂತು. ಅಂದರೆ ವೃತ್ತಿಯವರೂ ಸೇರಿ ನಡೆಸುತ್ತಿದ್ದ ವಿಚಾರಣೆಯನ್ನು ಕಿತ್ತು, ಯಾವುದು ಆಕ್ಷೇಪಾರ್ಹ ಎಂದು ಹೇಳುವ ಅಧಿಕಾರವನ್ನು ಸರ್ಕಾರ ತನ್ನ ಕೈಗೇ ತೆಗೆದುಕೊಂಡಿತು. 1978ರ ಹೊಸ ಕಾಯ್ದೆಯ ನಂತರವೇ ಮಂಡಳಿಗೆ ಮರುಜೀವ ಬಂದದ್ದು.

ಪಕ್ಷ ಯಾವುದೆನ್ನುವುದು ಇಲ್ಲಿ ಮುಖ್ಯವಲ್ಲ. 1982ರಲ್ಲಿ ಬಿಹಾರ ಸರ್ಕಾರ, 1988ರಲ್ಲಿ ಕೇಂದ್ರ ಸರ್ಕಾರ ಪತ್ರಿಕೆಗಳನ್ನು ಕಟ್ಟಿಹಾಕುವ ಮಸೂದೆಗಳನ್ನು ತಂದು, ದೇಶದಾದ್ಯಂತ ಪತ್ರಕರ್ತರು ಬೀದಿಗಿಳಿದ ಮೇಲೆ ವಾಪಸು ಪಡೆದವು. ನಮ್ಮ ವಿಧಾನಸಭೆಯೇ 2017ರ ಜೂನ್‌ನಲ್ಲಿ ಇಬ್ಬರು ಟ್ಯಾಬ್ಲಾಯ್ಡ್ ಸಂಪಾದಕರಿಗೆ ಒಂದು ವರ್ಷ ಸೆರೆ, ತಲಾ ₹10,000 ದಂಡ ಎಂದು ತೀರ್ಮಾನಿಸಿತ್ತು. ಶಾಸಕರ ಬಗ್ಗೆ ಅವಹೇಳನಕಾರಿಯಾಗಿ ಬರೆದರು, ಹಕ್ಕುಚ್ಯುತಿಯಾಯಿತು ಎಂಬುದು ಕಾರಣ. ಆ ಬರಹಗಳು ಒಳ್ಳೆಯವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಆದರೆ ದೂರು ಕೊಟ್ಟವರ ಕೂಟವೇ ವಿಚಾರಣೆ ನಡೆಸಿ ಶಿಕ್ಷೆಯನ್ನೂ ಬರೆಯಿತು. ನಿಮ್ಮ ಸೇವಾವಧಿಯಲ್ಲಿ ಒಬ್ಬ ನೌಕರನ ಇಲಾಖಾ ವಿಚಾರಣೆಯನ್ನು ಹೀಗೆ ನಡೆಸಿದ್ದರೆ ನೀವೇ ಒಪ್ಪುತ್ತಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಪತ್ರಿಕೆಗಳವರಿಗೇ ಬಿಡೋಣವೇ? ಅದೂ ಆಗದು. ‘ಕಾಸಿಗಾಗಿ ಸುದ್ದಿ’ ಪ್ರಕರಣ ನೆನಪಿದೆಯಲ್ಲ? 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು, ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಅಚ್ಚು ಹಾಕಿದ ದಂಧೆಯ ಬಗ್ಗೆ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ ಪತ್ರಿಕೆಗಳ ಹೆಸರು ಸಹಿತ ವರದಿ ಕೊಟ್ಟಿತು. 2010ರಲ್ಲಿ ಮಂಡಳಿ ಪ್ರಕಟಿಸಿದ್ದು ಅದರ ಸಂಕ್ಷೇಪವನ್ನು ಮಾತ್ರ. ಪೂರ್ಣ ವರದಿ ಜನರ ಕೈಗೆ ಸಿಗಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. ಮಾಲೀಕರ ಹಿತಕ್ಕೆ ಧಕ್ಕೆ ಬಂದಾಗ ಸ್ವಯಂ ನಿಯಂತ್ರಣ ಹೇಗೆ ಮಣಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸರ್ಕಾರ ಸಂಸ್ಥೆಯನ್ನು ಕಟ್ಟಿಕೊಡಬೇಕು, ಆದರೆ ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಬಾರದು ಎಂಬುದು ನನ್ನ ನಿಲುವು. ಮಾಲೀಕರಿಗೂ ಆ ಕುರ್ಚಿ ಬೇಡ. ಈಗಿನ ಕಾಯ್ದೆಯಂತೆ ಮಂಡಳಿಯಲ್ಲಿ ಅಧ್ಯಕ್ಷರಲ್ಲದೆ 28 ಸದಸ್ಯರಿರಬೇಕು: ವೃತ್ತಿನಿರತ ಪತ್ರಕರ್ತರು 13, ಮಾಲೀಕ ವರ್ಗದವರು 6, ಸುದ್ದಿಸಂಸ್ಥೆಯವರು ಒಬ್ಬರು, ಸಂಸದರು ಐವರು. ಇನ್ನುಳಿದ ಮೂವರನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ವಕೀಲರ ಪರಿಷತ್ತು, ಸಾಹಿತ್ಯ ಅಕಾಡೆಮಿಗಳು ಕಳಿಸುತ್ತವೆ. ಕೋಟ್ಯಂತರ ಓದುಗರ ಪರವಾಗಿ ಕೂರುವವರು ಈ ಮೂವರೇ. ಸಂಸದರ ಐದು ಸ್ಥಾನಗಳನ್ನು ಓದುಗರ ಪಾಲಿಗೆ ಕೊಟ್ಟುಬಿಟ್ಟರೆ ಮಂಡಳಿಯ ಧಾಟಿಯೇ ಬದಲಾಗುತ್ತದೆ ಎಂದು ನಾನು ನಂಬಿದ್ದೇನೆ. ಜೊತೆಗೆ ಒಂದು ಅಧಿಕಾರ ಬೇಕು: ತಪ್ಪು ಯಾವ ಪುಟದಲ್ಲಿ, ಎಷ್ಟು ಅಗಲದಲ್ಲಿ ಬಂದಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ಅಗಲದಲ್ಲಿ ಬರಲೇಬೇಕೆಂದು ಆದೇಶಿಸುವ ಅಧಿಕಾರ. ಸಂಪಾದಕರು ಲಕ್ಷ ರೂಪಾಯಿ ದಂಡ ಕಟ್ಟಿ ಮರೆಯಬಲ್ಲರು. ಮುಖಪುಟದಲ್ಲಿ ತಪ್ಪೊಪ್ಪಿಕೊಳ್ಳಬೇಕಾದೀತು ಎಂಬ ಅಂಜಿಕೆ ಇದ್ದರೆ ಡೆಸ್ಕಿನವರು ಫೋಟೊವನ್ನು ಎರಡು ಸಲ ನೋಡುತ್ತಾರೆ. ಇದನ್ನು ಡೆಸ್ಕಿನಲ್ಲಿ ಕೂತವನಾಗಿ ಹೇಳುತ್ತಿದ್ದೇನೆ.

ಸರ್ಕಾರದ ಕೈಯಲ್ಲಿ ಈಗಾಗಲೇ ಇರುವ ಇನ್ನೊಂದು ಹತಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅದು ಜಾಹೀರಾತು. ಸಣ್ಣ ಪತ್ರಿಕೆಗಳು ಉಸಿರಾಡುವುದೇ ಸರ್ಕಾರಿ ಪ್ರಕಟಣೆಗಳ ಹಣದಿಂದ. ಟೀಕಿಸಿದವರಿಗೆ ಅದನ್ನು ನಿಲ್ಲಿಸಿದರೆ ಯಾವ ಕಾನೂನೂ ಬೇಕಾಗುವುದಿಲ್ಲ, ಆದೇಶ ಪತ್ರವೂ ಸಿಗುವುದಿಲ್ಲ. ಪತ್ರಿಕಾ ಸ್ವಾತಂತ್ರ್ಯಕ್ಕೆ ಅಡ್ಡಿಪಡಿಸುವ ಯಾವುದೇ ಪ್ರಾಧಿಕಾರದ, ಸರ್ಕಾರದ ನಡತೆಯ ಬಗ್ಗೆಯೂ ಅಭಿಪ್ರಾಯ ದಾಖಲಿಸುವ ಅಧಿಕಾರ ಮಂಡಳಿಗಿದೆ. ಪತ್ರಿಕೆಗಳೂ ದೂರು ಕೊಡಬಹುದು ಎನ್ನುವುದು ಅನೇಕ ಸಣ್ಣ ಪತ್ರಿಕೆಗಳವರಿಗೇ ತಿಳಿದಿಲ್ಲ.

ಪ್ರಶ್ನೆ: ಟಿ.ವಿ. ವಾಹಿನಿಗಳ ವಿರುದ್ಧವೂ ಪತ್ರಿಕಾ ಮಂಡಳಿಗೇ ದೂರು ಕೊಡಬಹುದೇ? ಸತ್ತವರ ಮನೆಯೊಳಗೆ ಮೈಕ್ ಹಿಡಿದು ನುಗ್ಗುವುದನ್ನು ನೋಡಿ ರೋಸಿಹೋಗಿದೆ. — ಗೃಹಿಣಿ, ಮಂಗಳೂರು

ಇಲ್ಲ. ಮಂಡಳಿಯ ವ್ಯಾಪ್ತಿ ಪತ್ರಿಕೆ ಮತ್ತು ಸುದ್ದಿಸಂಸ್ಥೆಗಳಿಗೆ ಸೀಮಿತ. ವಾಹಿನಿಗಳಿಗೆ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿ ಕಾರ್ಯಕ್ರಮ ಸಂಹಿತೆ ಇದೆ, ಅದರಡಿ ಕ್ರಮ ಕೈಗೊಳ್ಳುವುದು ಸರ್ಕಾರ. ಸರ್ಕಾರ ಬರುವ ಮೊದಲೇ ನಾವೇ ತಿದ್ದಿಕೊಳ್ಳುತ್ತೇವೆ ಎಂದು ಸುದ್ದಿ ವಾಹಿನಿಗಳ ಸಂಘವೊಂದು 2008ರಲ್ಲಿ ಒಂದು ಪ್ರಾಧಿಕಾರ ಮಾಡಿಕೊಂಡಿತು. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅದರ ಮೊದಲ ಅಧ್ಯಕ್ಷರು. ಈಗ ಅದರ ಹೆಸರು ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ (ಎನ್‌ಬಿಡಿಎಸ್‌ಎ). ನೀವು ನೋಡಿದ ವಾಹಿನಿ ಆ ಸಂಘದ ಸದಸ್ಯನೇ ಎಂದು ಮೊದಲು ನೋಡಿಕೊಳ್ಳಿ. ಸದಸ್ಯನಾಗಿದ್ದರೆ ಕಾರ್ಯಕ್ರಮ ಪ್ರಸಾರವಾದ ವಾರದೊಳಗೇ ವಾಹಿನಿಗೆ ಲಿಖಿತ ದೂರು ಕೊಡಿ. ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು, ಸಾಧ್ಯವಾದರೆ ವಿಡಿಯೊ ಕೊಂಡಿ ಸಹಿತ. ಉತ್ತರ ತೃಪ್ತಿ ತರದಿದ್ದರೆ ಪ್ರಾಧಿಕಾರಕ್ಕೆ.

ಇದರ ದೌರ್ಬಲ್ಯ ‘ಸದಸ್ಯನಾಗಿದ್ದರೆ’ ಎಂಬ ಪದದಲ್ಲೇ ಇದೆ. ದಂಡ ಬಿದ್ದಾಗ ಸಂಘವನ್ನೇ ಬಿಟ್ಟು ಹೊರನಡೆದ ವಾಹಿನಿಯೂ ಇದೆ. 2019ರಲ್ಲಿ ಇನ್ನೊಂದು ಸಂಘ ಹುಟ್ಟಿ ತನ್ನದೇ ಬೇರೆ ಪ್ರಾಧಿಕಾರ ಮಾಡಿಕೊಂಡಿತು. ಎನ್‌ಬಿಡಿಎಸ್‌ಎ ವಿಧಿಸುತ್ತಿದ್ದ ದಂಡದ ಗರಿಷ್ಠ ಮಿತಿ ₹1 ಲಕ್ಷ. ಒಂದು ಸಂಜೆಯ ಜಾಹೀರಾತು ಆದಾಯದ ಮುಂದೆ ಅದು ಲೆಕ್ಕಕ್ಕೇ ಇಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಆಡಿ, ಆ ಕಾರ್ಯಕ್ರಮದಿಂದ ಬಂದ ಲಾಭಕ್ಕೆ ತಕ್ಕಂತೆ ದಂಡ ಇರಬೇಡವೇ ಎಂದು ಕೇಳಿತು. ಸರಿಯಾದ ಪ್ರಶ್ನೆ. ಅದೇ ಕೋರ್ಟು ಅದೇ ವರ್ಷದ ಏಪ್ರಿಲ್‌ನಲ್ಲಿ ಮಲಯಾಳದ ಮೀಡಿಯಾ ಒನ್ ವಾಹಿನಿಗೆ ಅನುಮತಿ ನವೀಕರಿಸದ ಕೇಂದ್ರದ ಆದೇಶವನ್ನು ರದ್ದು ಮಾಡಿತ್ತು. ಭದ್ರತೆಯ ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ವಾಹಿನಿಗೂ ತೋರಿಸದೆ ಬಾಗಿಲು ಹಾಕಿಸಲಾಗದು ಎಂದಿತು. ಸ್ವಯಂ ನಿಯಂತ್ರಣ ಬಿಗಿಯಾಗಬೇಕು, ಸರ್ಕಾರದ ಹಿಡಿತ ಬಿಗಿಯಾಗಬಾರದು. ಎರಡೂ ತೀರ್ಮಾನಗಳನ್ನು ಒಟ್ಟಿಗಿಟ್ಟು ಓದಿದರೆ ನನಗೆ ಕಾಣುವುದು ಇದೇ.

ಪ್ರಶ್ನೆ: ಸುಳ್ಳು ಸುದ್ದಿ ಪತ್ತೆಗೆ ಸರ್ಕಾರವೇ ಸತ್ಯಶೋಧನಾ ಘಟಕ ಮಾಡಿದರೆ ತಪ್ಪೇನು? — ಎಂಜಿನಿಯರ್, ಬೆಂಗಳೂರು

ಸರ್ಕಾರ ‘ಈ ಸುದ್ದಿ ತಪ್ಪು, ಸರಿಯಾದ ಅಂಕಿಅಂಶ ಇಲ್ಲಿದೆ’ ಎಂದು ದಾಖಲೆ ಸಹಿತ ಹೇಳಿದರೆ ತಪ್ಪೇ ಇಲ್ಲ, ಹೇಳಲೇಬೇಕು. ಹೇಳಿದ ಮೇಲೆ ಆ ಸುದ್ದಿಯನ್ನು ಅಳಿಸುವಂತೆ ಒತ್ತಡ ತರುವ ಅಧಿಕಾರವೂ ಅದಕ್ಕೇ ಸಿಕ್ಕಾಗ ತೊಡಕು ಶುರು. 2023ರ ಏಪ್ರಿಲ್‌ನಲ್ಲಿ ಕೇಂದ್ರ ತಂದ ಐ.ಟಿ. ನಿಯಮದ ತಿದ್ದುಪಡಿ ಅಂಥದ್ದು. ಕೇಂದ್ರ ಸರ್ಕಾರದ ವ್ಯವಹಾರದ ಬಗೆಗಿನ ಮಾಹಿತಿ ‘ನಕಲಿ, ಸುಳ್ಳು ಅಥವಾ ದಾರಿತಪ್ಪಿಸುವಂಥದ್ದು’ ಎಂದು ಸರ್ಕಾರದ ಘಟಕ ಗುರುತಿಸಿದರೆ, ಜಾಲತಾಣಗಳು ಅದನ್ನು ಉಳಿಸಿಕೊಂಡರೆ, ಬಳಕೆದಾರರ ಬರಹಕ್ಕೆ ತಾವು ಹೊಣೆಯಾಗದಂತೆ ಇರುವ ಕಾನೂನು ರಕ್ಷಣೆಯನ್ನು ಕಳೆದುಕೊಳ್ಳುವ ಅಪಾಯವಿತ್ತು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜನವರಿಯಲ್ಲಿ ಭಿನ್ನ ತೀರ್ಪು ಕೊಟ್ಟರು. ಮಾರ್ಚ್‌ನಲ್ಲಿ ಘಟಕದ ಅಧಿಸೂಚನೆ ಹೊರಟ ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸೆಪ್ಟೆಂಬರ್ 20ರಂದು ಮೂರನೇ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಆ ತಿದ್ದುಪಡಿ ಅಸಾಂವಿಧಾನಿಕ ಎಂದರು. ತನ್ನ ಬಗೆಗಿನ ಸುದ್ದಿಗೆ ತಾನೇ ಪರೀಕ್ಷಕನಾಗುವುದು ಯಾವ ಸರ್ಕಾರಕ್ಕೂ ತರವಲ್ಲ. ದೆಹಲಿಗೆ ಅನ್ವಯಿಸುವ ಈ ಮಾತು ವಿಧಾನಸೌಧಕ್ಕೂ ಅನ್ವಯಿಸುತ್ತದೆ.

ಪ್ರಶ್ನೆ: ಬ್ರಿಟನ್‌ನಲ್ಲಿ ಫೋನ್ ಕದ್ದಾಲಿಕೆ ಹಗರಣದ ನಂತರ ಹೊಸ ವ್ಯವಸ್ಥೆ ಬಂತಂತೆ. ನಾವೂ ಅದನ್ನು ಅನುಸರಿಸಬಹುದೇ? — ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಬಂತು, ಆದರೆ ಅಂದುಕೊಂಡ ಹಾಗೆ ಬರಲಿಲ್ಲ. ಕೊಲೆಯಾದ ಬಾಲಕಿಯ ಮೊಬೈಲ್ ಸಂದೇಶಗಳನ್ನೂ ಕದ್ದು ಕೇಳಿದ್ದರು ಎಂಬುದು 2011ರಲ್ಲಿ ಬಯಲಾಗಿ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆಯೇ ಮುಚ್ಚಿತು. ನ್ಯಾಯಮೂರ್ತಿ ಲೆವೆಸನ್ ವಿಚಾರಣೆ ನಡೆಸಿ 2012ರ ನವೆಂಬರ್‌ನಲ್ಲಿ ವರದಿ ಕೊಟ್ಟರು. ನಿಯಂತ್ರಣ ಪತ್ರಿಕೆಗಳದ್ದೇ ಇರಲಿ, ಆದರೆ ಅದು ನಿಜಕ್ಕೂ ಸ್ವತಂತ್ರವೇ ಎಂದು ಕಾಲಕಾಲಕ್ಕೆ ಪರಿಶೀಲಿಸಿ ಮಾನ್ಯತೆ ಕೊಡುವ ಬೇರೊಂದು ಸಂಸ್ಥೆ ಇರಲಿ ಎಂಬುದು ಅವರ ಸಲಹೆಯ ತಿರುಳು. ರಾಜಸನ್ನದಿನ ಮೂಲಕ ಮಾನ್ಯತಾ ಸಮಿತಿ ಏರ್ಪಟ್ಟಿತು. ಅದರ ಮಾನ್ಯತೆ ಪಡೆದ ‘ಇಂಪ್ರೆಸ್’ಗೆ ಸೇರಿದ್ದು ಹೆಚ್ಚಾಗಿ ಸಣ್ಣ ಪ್ರಕಾಶಕರು. ದೊಡ್ಡ ಪತ್ರಿಕೆಗಳಲ್ಲಿ ಬಹುಪಾಲು 2014ರಲ್ಲಿ ‘ಇಪ್ಸೊ’ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡು ಮಾನ್ಯತೆ ಕೇಳಲೇ ಇಲ್ಲ. ಮಾನ್ಯ ಸಂಸ್ಥೆ ಸೇರದ ಪತ್ರಿಕೆ ಕೋರ್ಟಿನಲ್ಲಿ ಗೆದ್ದರೂ ಎದುರಾಳಿಯ ಖರ್ಚು ಕೊಡಬೇಕಾಗಬಹುದು ಎಂಬ ಕಾನೂನಿನ 40ನೇ ಸೆಕ್ಷನ್ ಜಾರಿಗೇ ಬರಲಿಲ್ಲ. 2024ರಲ್ಲಿ ಅದನ್ನು ರದ್ದು ಮಾಡಿದರು.

ಮಾನ್ಯತೆಯ ಆಲೋಚನೆ ನನಗೆ ಹಿಡಿಸುತ್ತದೆ, ಶಿಕ್ಷೆಯ ಬೆದರಿಕೆಯಿಂದ ಸೇರಿಸುವುದು ಹಿಡಿಸುವುದಿಲ್ಲ. ಇಲ್ಲಿ ಅದನ್ನು ಅನುಸರಿಸುವುದಾದರೆ ಸೇರಿದವರಿಗೆ ಅನುಕೂಲ ಮಾಡಿಕೊಡುವುದು ಒಳ್ಳೆಯದು. ಸ್ವತಂತ್ರ ದೂರು ವ್ಯವಸ್ಥೆಗೆ ಒಳಪಟ್ಟ ಪತ್ರಿಕೆಯ ಮೇಲಿನ ಮಾನಹಾನಿ ದೂರು ಮೊದಲು ಅಲ್ಲಿ ವಿಚಾರಣೆಯಾಗಲಿ ಎಂದು ಕಾನೂನು ಹೇಳಬಹುದು. ಏಕಪಕ್ಷೀಯ ತಡೆಯಾಜ್ಞೆಗಳ ಹಾವಳಿ ಅದರಿಂದ ತಗ್ಗೀತು. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಸಚಿವರು ಒಟ್ಟಿಗೆ ಬೆಂಗಳೂರಿನ ನ್ಯಾಯಾಲಯದಿಂದ ಹತ್ತಾರು ಮಾಧ್ಯಮಗಳ ಮೇಲೆ ಅಂಥ ತಡೆ ತಂದಿದ್ದನ್ನು ನೀವು ಓದಿರಬಹುದು. ವಿಚಾರಣೆಗೆ ಮೊದಲೇ ಹೀಗೆ ಬಾಯಿ ಕಟ್ಟುವ ಆದೇಶ ಕೊಡುವಾಗ ಕೆಳ ನ್ಯಾಯಾಲಯಗಳು ಬಹಳ ಎಚ್ಚರದಿಂದಿರಬೇಕೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದೆ. ಆ ತೀರ್ಪನ್ನು ಹುಡುಕಿ ಓದಿ, ನಿಮ್ಮ ಪ್ರಬಂಧಕ್ಕೂ ಬೇಕಾಗುತ್ತದೆ.

ಪ್ರಶ್ನೆ: ಯೂಟ್ಯೂಬ್ ವಾಹಿನಿಯ ಹೆಸರಿನಲ್ಲಿ ಒಬ್ಬರು ಬಂದು, ಹಣ ಕೊಡದಿದ್ದರೆ ನಮ್ಮ ಕ್ಲಿನಿಕ್ ಬಗ್ಗೆ ವಿಡಿಯೊ ಹಾಕುತ್ತೇವೆ ಎನ್ನುತ್ತಿದ್ದಾರೆ. ಯಾವ ಮಂಡಳಿಗೆ ದೂರು ಕೊಡಲಿ? — ವೈದ್ಯರು, ಕಲಬುರಗಿ

ಯಾವ ಮಂಡಳಿಗೂ ಬೇಡ ಡಾಕ್ಟ್ರೇ, ಪೊಲೀಸ್ ಠಾಣೆಗೆ ಕೊಡಿ. ಕೈಯಲ್ಲಿ ಮೈಕ್ ಇದ್ದ ಮಾತ್ರಕ್ಕೆ ಅದು ಪತ್ರಿಕೋದ್ಯಮ ಆಗುವುದಿಲ್ಲ. ಇದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್‌ನಡಿ ಅಪರಾಧ. ಕರೆಗಳ, ಸಂದೇಶಗಳ ದಾಖಲೆ ಉಳಿಸಿಕೊಳ್ಳಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಕ್ಲಿನಿಕ್‌ನಲ್ಲಿ ನಿಜಕ್ಕೂ ಏನಾದರೂ ಲೋಪ ಇದ್ದರೆ ಅದನ್ನು ಮೊದಲು ಸರಿಪಡಿಸಿ. ನಿಮ್ಮ ಊರಿನ ಪ್ರಾಮಾಣಿಕ ವರದಿಗಾರರೊಬ್ಬರಿಗೂ ಈ ವಿಷಯ ತಿಳಿಸಿ. ಇಂಥವರಿಂದ ಹೆಚ್ಚು ನೋಯುತ್ತಿರುವವರು ಅವರೇ, ಠಾಣೆಗೆ ನಿಮ್ಮ ಜೊತೆ ಬರಲೂಬಹುದು.